ಪದಚರ್ಚೆ: ಬ್ಲಾಗಿಗರು ಕೊಡುವ ‘ವೈಟ್ ಪೇಪರ್’ ಶ್ವೇತಪತ್ರವೇ?

ಗೆಳೆಯರೇ,

ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು. ನಾನು ಬಾಗಲಕೋಟೆಯಿಂದ ಇಳಕಲ್ ಸೀರೆ, ಗುಳೇದಗುಡ್ಡದ ಖಣಗಳ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತೇನೆ. ನೇಕಾರರಿಂದ ಸೀರೆ ತರಿಸಿ, ಬೇಕೆಂದವರಿಗೆ ಕಳುಹಿಸುವ ಸಣ್ಣ ವ್ಯಾಪಾರವೂ ಜೊತೆಗಿದೆ. ಕೈಮಗ್ಗದ ಇಳಕಲ್ ಸೀರೆಯನ್ನು ಗುರುತಿಸುವುದು ಹೇಗೆ ಎಂಬುದನ್ನು ಚಿತ್ರಗಳೊಂದಿಗೆ ಹತ್ತು ಪುಟಗಳಲ್ಲಿ ಬರೆದು ಪಿಡಿಎಫ್ ಮಾಡಿದ್ದೇನೆ. ಓದುಗರು ತಮ್ಮ ಇಮೇಲ್ ವಿಳಾಸ ಕೊಟ್ಟು ಅದನ್ನು ಇಳಿಸಿಕೊಳ್ಳಬಹುದು. ಇಂಗ್ಲಿಷ್ ಬಲ್ಲ ಬ್ಲಾಗಿಗರು ಇಂಥ ಬರಹವನ್ನು ವೈಟ್ ಪೇಪರ್ ಎನ್ನುತ್ತಾರೆ. ಕನ್ನಡದ ಪುಟದಲ್ಲಿ, ಓದುಗರು ಒತ್ತಬೇಕಾದ ಗುಂಡಿಯ ಮೇಲೆ ಏನೆಂದು ಬರೆಯಬೇಕು? ‘ಶ್ವೇತಪತ್ರ ಪಡೆಯಿರಿ’ ಎಂದು ಬರೆದು ನೋಡಿದರೆ ನನ್ನ ಕಿವಿಗೆ ಹಿಡಿಸುತ್ತಿಲ್ಲ.

ಪತ್ರಿಕೆ ಓದುವ ಕನ್ನಡಿಗರಿಗೆ ಶ್ವೇತಪತ್ರ ಹೊಸ ಮಾತಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರಿತೆಂದರೆ ಆ ಮಾತು ಮುಖಪುಟಕ್ಕೇ ಬರುತ್ತದೆ: ಹಣಕಾಸಿನ ಸ್ಥಿತಿಯ ಬಗ್ಗೆ ಶ್ವೇತಪತ್ರ ಹೊರಡಿಸಿ, ನೀರಾವರಿಗೆ ಮಾಡಿದ ವೆಚ್ಚದ ಬಗ್ಗೆ ಶ್ವೇತಪತ್ರ ಹೊರಡಿಸಿ. ಅದರ ಜೊತೆಗೆ ಬರುವ ಕ್ರಿಯಾಪದಗಳನ್ನು ಗಮನಿಸಿ. ಆಗ್ರಹಿಸುವುದು, ಹೊರಡಿಸುವುದು, ಮಂಡಿಸುವುದು. ‘ಹೊರಡಿಸು’ ಎಂಬುದು ಆದೇಶ, ಸುತ್ತೋಲೆ, ಅಧಿಸೂಚನೆಗಳಿಗೆ ಅಂಟಿಕೊಂಡ ಕ್ರಿಯಾಪದ, ಅಧಿಕಾರವಿದ್ದವರಷ್ಟೇ ಹೊರಡಿಸಬಲ್ಲರು. ಸೀರೆಯ ಬಗ್ಗೆ ಬರೆಯುವ ನಾನು ಏನನ್ನೂ ಹೊರಡಿಸಲಾರೆ. ಕೇಂದ್ರ ಸರ್ಕಾರ 2012ರ ಮೇ ತಿಂಗಳಲ್ಲಿ ಕಪ್ಪುಹಣದ ಬಗ್ಗೆ, 2024ರ ಫೆಬ್ರುವರಿಯಲ್ಲಿ ದೇಶದ ಅರ್ಥವ್ಯವಸ್ಥೆಯ ಬಗ್ಗೆ ಸಂಸತ್ತಿನ ಮುಂದಿಟ್ಟ ಶ್ವೇತಪತ್ರಗಳ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಹೀಗೆ ಬಳಕೆಯಾಗುತ್ತ ಬಂದು, ಶ್ವೇತಪತ್ರವೆಂದರೆ ಆಡಳಿತದ ಲೆಕ್ಕ ಬಿಚ್ಚಿಡುವುದು ಎಂಬ ಅರ್ಥ ಗಟ್ಟಿಯಾಗಿ ನಿಂತಿದೆ. ಸೀರೆಯ ಪುಟದಲ್ಲಿ ಆ ಪದ ಕಂಡವರು ‘ಯಾರ ಮೇಲೆ ಆರೋಪ?’ ಎಂದು ಕೇಳಿದರೆ ತಪ್ಪೇನೂ ಇಲ್ಲ.

ಮೂಲದಲ್ಲಿಯೂ ಅದು ಸರ್ಕಾರದ್ದೇ ಪದ. ಬ್ರಿಟನ್ನಿನ ಸಂಸತ್ತಿಗೆ ಒಪ್ಪಿಸುತ್ತಿದ್ದ ದೊಡ್ಡ ವರದಿಗಳಿಗೆ ನೀಲಿ ಹೊದಿಕೆ ಇರುತ್ತಿತ್ತು, ಅವನ್ನು ನೀಲಿ ಪುಸ್ತಕಗಳೆಂದೇ ಕರೆಯುತ್ತಿದ್ದರು. ಆ ಹೊದಿಕೆಯಿಲ್ಲದೆ, ಒಳಪುಟದ ಕಾಗದದಲ್ಲೇ ಬರುತ್ತಿದ್ದ ಚಿಕ್ಕ ದಾಖಲೆಗಳು ವೈಟ್ ಪೇಪರ್ ಆದವು. 1922ರಲ್ಲಿ ಪ್ಯಾಲೆಸ್ಟೈನ್ ಕುರಿತು ಬಂದದ್ದು ಇವುಗಳಲ್ಲಿ ಹೆಸರುವಾಸಿ. ದುಂಡುಮೇಜಿನ ಪರಿಷತ್ತುಗಳ ಬಳಿಕ 1933ರಲ್ಲಿ ಭಾರತದ ಸಂವಿಧಾನ ಸುಧಾರಣೆಯ ಬಗ್ಗೆ ಒಂದು ಬಂತು. 1935ರ ಭಾರತ ಸರ್ಕಾರ ಕಾಯ್ದೆಗೆ ದಾರಿ ಮಾಡಿದ್ದು ಅದು. ನಮ್ಮ ಭಾಗಕ್ಕೆ ಹತ್ತಿರದ್ದೂ ಒಂದಿದೆ. ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನಗಳು 1948ರ ಮಾರ್ಚ್‌ನಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾದವು. ದೇಶದ ಸಂಸ್ಥಾನಗಳ ವಿಲೀನ ಹೇಗೆ ನಡೆಯಿತೆಂಬುದನ್ನು ಭಾರತ ಸರ್ಕಾರ ಅದೇ ವರ್ಷ ಶ್ವೇತಪತ್ರವಾಗಿ ಪ್ರಕಟಿಸಿತು, 1950ರಲ್ಲಿ ಪರಿಷ್ಕರಿಸಿತು. ಸಂಸ್ಥಾನಗಳ ಇತಿಹಾಸ ಬರೆಯುವವರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ. ಪದಕ್ಕೆ ತೂಕ ಬಂದಿರುವುದು ಇಂಥ ದಾಖಲೆಗಳಿಂದ.

ನೆರೆಯ ಭಾಷೆಗಳೂ ಇದೇ ದಾರಿ ಹಿಡಿದಿವೆ. ಬೆಳಗಾವಿಯಲ್ಲಿ ಮರಾಠಿ ಪತ್ರಿಕೆ ಓದುವವರಿಗೆ ‘ಶ್ವೇತಪತ್ರಿಕಾ’ ಗೊತ್ತು. ತೆಲುಗಿನಲ್ಲಿ ಶ್ವೇತಪತ್ರಂ, ಮಲಯಾಳದಲ್ಲಿ ಧವಳಪತ್ರಂ. ತಮಿಳು ಮಾತ್ರ ‘ವೆಳ್ಳೈ ಅರಿಕ್ಕೈ’ ಎಂದು, ಅಂದರೆ ಬಿಳಿ ವರದಿ ಎಂದು, ತನ್ನದೇ ಮಾತಿನಲ್ಲಿ ಹೇಳಿಕೊಂಡಿದೆ. ಇವೆಲ್ಲವೂ ಸರ್ಕಾರಿ ದಾಖಲೆಯ ಹೆಸರುಗಳೇ.

ವ್ಯಾಪಾರದ ವೈಟ್ ಪೇಪರ್ ಹಿಡಿದದ್ದು ಬೇರೆ ಹಾದಿ. 1990ರ ದಶಕದ ಆರಂಭದಿಂದ ಕಂಪನಿಗಳು, ಅದರಲ್ಲೂ ಕಂಪ್ಯೂಟರ್ ಮತ್ತು ತಂತ್ರಾಂಶ ಮಾರುವವರು, ಸರ್ಕಾರಿ ದಾಖಲೆಯ ಗಾಂಭೀರ್ಯವನ್ನು ಎರವಲು ಪಡೆದು ಈ ಹೆಸರಿನಲ್ಲಿ ಪುಸ್ತಿಕೆಗಳನ್ನು ಹಂಚತೊಡಗಿದರು. ದುಬಾರಿ ವಸ್ತು ಕೊಳ್ಳುವವರು ಹಿಂದೆಮುಂದೆ ನೋಡುತ್ತಾರೆ. ಅವರಿಗೆ ಜಾಹೀರಾತು ಸಾಲದು. ತಮ್ಮ ತೊಂದರೆ ಏನು, ಈವರೆಗಿನ ಪರಿಹಾರಗಳು ಏಕೆ ಕೈಕೊಟ್ಟವು, ಹೊಸದು ಏಕೆ ಕೆಲಸ ಮಾಡೀತು ಎಂಬುದನ್ನು ಯಾರಾದರೂ ಕೂರಿಸಿಕೊಂಡು ವಿವರಿಸಬೇಕು. ಆ ವಿವರಣೆಯೇ ಆರರಿಂದ ಹನ್ನೆರಡು ಪುಟಗಳ ಈ ಬರಹ. ಮಾರುವವರ ಹೆಸರು ಬರುವುದು ಕೊನೆಯ ಪುಟದಲ್ಲಿ, ಅದೂ ನಾಲ್ಕು ಸಾಲು. ಇನ್ನೊಂದು ಕವಲೂ ಇದೆ: 2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಹೊರಬಿದ್ದ ಬಿಟ್‌ಕಾಯಿನ್‌ನ ಒಂಬತ್ತು ಪುಟಗಳ ಬರಹವನ್ನೂ ವೈಟ್ ಪೇಪರ್ ಎಂದೇ ಕರೆಯುತ್ತಾರೆ. ಅದರ ಹಿಂದೆ ಸರ್ಕಾರವೂ ಇರಲಿಲ್ಲ, ಕಂಪನಿಯೂ ಇರಲಿಲ್ಲ.

ಬ್ಲಾಗಿಗರು ಇದರತ್ತ ತಿರುಗಿರುವುದಕ್ಕೆ ಕಾರಣ ಸ್ಪಷ್ಟ. ಬ್ಲಾಗಿನ ಬರಹ ವಾರ ಕಳೆಯುವುದರೊಳಗೆ ಕೆಳಗೆ ಸರಿದುಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ನಮ್ಮ ಬರಹ ಯಾರಿಗೆ ಕಾಣಬೇಕೆಂದು ನಿರ್ಧರಿಸುವವರು ನಾವಲ್ಲ. ಒಂದೇ ವಿಷಯವನ್ನು ಆಳವಾಗಿ ಬರೆದಿಟ್ಟ ಪುಸ್ತಿಕೆ ಓದುಗರ ಮೊಬೈಲಿನಲ್ಲಿ ಉಳಿಯುತ್ತದೆ, ಕೊಳ್ಳುವ ಹೊತ್ತಿನಲ್ಲಿ ನೆನಪಾಗುತ್ತದೆ. ಅದಕ್ಕಾಗಿ ಇಮೇಲ್ ಕೊಟ್ಟವರ ಪಟ್ಟಿ ನಮ್ಮ ಕೈಯಲ್ಲಿರುತ್ತದೆ. ಹತ್ತು ಪುಟ ಓದುವಷ್ಟು ಆಸಕ್ತಿ ಉಳ್ಳವರು ಸುಮ್ಮನೆ ಬಂದು ಹೋಗುವವರಲ್ಲ. ಅದೇ ಪುಸ್ತಿಕೆಯ ಒಂದೊಂದು ಭಾಗವನ್ನು ಬಿಡಿಸಿ ಬ್ಲಾಗಿನ ಬರಹಗಳನ್ನೂ ಮಾಡಬಹುದು. ಕನ್ನಡದವರು ಇಲ್ಲಿ ಒಂದು ಎಚ್ಚರ ವಹಿಸಲೇಬೇಕು. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯೂನಿಕೋಡ್ ಸಂಕೇತವನ್ನು ಬಿಟ್ಟು ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಪಿಡಿಎಫ್ ಕಣ್ಣಿಗೆ ಎಷ್ಟು ಚೆನ್ನಾಗಿ ಕಂಡರೂ ಹುಡುಕಾಟದಲ್ಲಿ ಸಿಗುವುದಿಲ್ಲ. ಅಷ್ಟು ಕಷ್ಟಪಟ್ಟು ಬರೆದದ್ದು ಗೂಗಲ್‌ನ ಪಾಲಿಗೆ ಇಲ್ಲದಂತೆಯೇ. ವಾಟ್ಸ್‌ಆ್ಯಪ್‌ನಲ್ಲಿ ಒಂಟಿ ಪುಟಗಳ ಚಿತ್ರ ಹರಿದಾಡುವುದರಿಂದ ಪ್ರತಿ ಪುಟದಲ್ಲೂ ಬರೆದವರ ಹೆಸರು, ದಿನಾಂಕ ಇರಬೇಕು.

ಇದನ್ನು ಕೆಡಿಸುವ ಬಗೆಯೂ ಒಂದಿದೆ, ಅದು ನನ್ನನ್ನು ಬಹಳ ಕಾಡುತ್ತದೆ. ನಾಲ್ಕು ಪುಟ ಜಾಹೀರಾತು ಬರೆದು, ‘ಅಪ್ಪಟ’, ‘ಸರ್ವಶ್ರೇಷ್ಠ’ ಎಂದು ತುಂಬಿ, ಮೇಲೆ ವೈಟ್ ಪೇಪರ್ ಎಂದು ಹಣೆಪಟ್ಟಿ ಹಚ್ಚುವುದು. ಓದುಗರು ತಮ್ಮ ವಿಳಾಸವನ್ನು ನಂಬಿ ಕೊಟ್ಟಿರುತ್ತಾರೆ. ಬದಲಿಗೆ ಅವರಿಗೆ ಸಿಗುವುದು ಹೊಗಳಿಕೆಯ ಕಂತೆ. ಇನ್ನೊಮ್ಮೆ ಅವರು ಯಾರನ್ನೂ ನಂಬುವುದಿಲ್ಲ. ಹೆಸರಿನ ಪ್ರಶ್ನೆ ನನಗೆ ಮುಖ್ಯವೆನಿಸುವುದು ಇದಕ್ಕಾಗಿಯೇ. ಹೆಸರು ಓದುಗರಿಗೆ ಏನು ಸಿಗುತ್ತದೆಂದು ಹೇಳಬೇಕು, ಬರೆಯುವವರ ಮೇಲೆ ಒಂದು ಹೊರೆಯನ್ನೂ ಹೊರಿಸಬೇಕು.

ನನ್ನ ಪುಸ್ತಿಕೆಯ ನಾಲ್ಕನೆಯ ಪುಟದಲ್ಲಿ ಏನಿದೆ ಎಂದು ಹೇಳಿದರೆ ಪದ ಹುಡುಕಲು ಅನುಕೂಲವಾದೀತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಸೆರಗಿನ ಕೆಂಪು ಎಳೆಗಳನ್ನು ಕುಣಿಕೆ ಮಾಡಿ, ಒಡಲಿನ ಎಳೆಗಳ ಕುಣಿಕೆಗೆ ಒಂದೊಂದಾಗಿ ಸಿಕ್ಕಿಸುತ್ತಾರೆ. ಮೇಲೆ ಹೊಕ್ಕಿನ, ಅಂದರೆ ಅಡ್ಡಕ್ಕೆ ನೇಯುವ, ದಾರ ಹಾಯ್ದಾಗ ಜೋಡಣೆ ಬಿಗಿಯುತ್ತದೆ. ಇದಕ್ಕೆ ಕೊಂಡಿ ಎಂದು ಹೆಸರು. ಸೀರೆಯನ್ನು ಮಗುಚಿ, ಒಡಲು ಮತ್ತು ಸೆರಗು ಕೂಡುವ ಗೆರೆಯನ್ನು ಬೆಳಕಿಗೆ ಹಿಡಿದರೆ ಕುಣಿಕೆಗಳ ಸಾಲು ಕಾಣುತ್ತದೆ, ಉಗುರಿಗೂ ತಾಗುತ್ತದೆ. ಉದ್ದಕ್ಕೂ ಒಂದೇ ಹಾಸಿನಲ್ಲಿ ಪವರ್‌ಲೂಮಿನಿಂದ ಬಂದ ಸೀರೆಯಲ್ಲಿ ಈ ಸಾಲು ಇರಲು ಸಾಧ್ಯವಿಲ್ಲ. ಪುಟದಲ್ಲಿ ಎರಡರ ಚಿತ್ರವನ್ನೂ ಅಕ್ಕಪಕ್ಕ ಇಟ್ಟಿದ್ದೇನೆ. ಮುಂದಿನ ಪುಟಗಳಲ್ಲಿ ಸೆರಗಿನ ಟೋಪ್ ತೆನಿಯ ವಿನ್ಯಾಸ, ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡಲು ಅವಕಾಶ ಕೊಟ್ಟ 1985ರ ಕಾಯ್ದೆ, ಭೌಗೋಳಿಕ ಸೂಚಕದ ಮಾನ್ಯತೆ ಎಂದರೇನು ಎಂಬ ವಿವರ ಇದೆ. ಓದಿದವರು ನನ್ನಲ್ಲಿ ಕೊಳ್ಳದೆ ಇಳಕಲ್ಲಿನ ಯಾವ ಅಂಗಡಿಗೆ ಹೋದರೂ ಸೀರೆ ಮಗುಚಿ ನೋಡಬಲ್ಲರು. ಹಾಗೆಯೇ ಆಗಬೇಕೆಂಬುದು ನನ್ನ ಆಸೆ.

ಈಗ ಪದಗಳು. ‘ಬಿಳಿಹಾಳೆ’ ಎಂದರೆ ಏನೂ ಬರೆಯದ ಖಾಲಿ ಕಾಗದ. ಬಿಳಿ ಹಾಳೆಗೆ ಸಹಿ ಹಾಕಿಸಿಕೊಳ್ಳುವುದೆಂದರೆ ಮೋಸವೆಂದೇ ಅರ್ಥ, ಹಾಗಾಗಿ ಅದು ಬೇಡ. ‘ಕರಪತ್ರ’ ಬೀದಿಯಲ್ಲಿ ಹಂಚುವ ಒಂದು ಹಾಳೆ. ‘ಕೈಪಿಡಿ’ ಹತ್ತಿರ ಬರುತ್ತದೆ, ಆದರೆ ಕೈಪಿಡಿ ಹೇಗೆ ಮಾಡಬೇಕೆಂದು ಹೇಳುತ್ತದೆ; ಏಕೆ ಹಾಗೆ ಎಂದು ವಾದಿಸುವುದಿಲ್ಲ. ‘ಮಾಹಿತಿ ಪುಸ್ತಿಕೆ’ ಎಲ್ಲರಿಗೂ ತಿಳಿಯುತ್ತದೆ, ಪರೀಕ್ಷೆಯ ಅರ್ಜಿಯ ಜೊತೆ ಬರುವುದೂ ಅದೇ ಆದ್ದರಿಂದ ಸಪ್ಪೆಯಾಗುತ್ತದೆ. ‘ತಿಳಿವಳಿಕೆ ಪತ್ರ’ ಎಂದರೆ ಕಚೇರಿಯಿಂದ ಬಂದ ನೋಟಿಸು, ಓದುಗರು ಬೆಚ್ಚಿಬಿದ್ದಾರು. ‘ಆಧಾರಪತ್ರ’ ನನಗೆ ಬಹಳ ಇಷ್ಟವಾಗಿತ್ತು. ಆಧಾರ್ ಕಾರ್ಡು ಬಂದ ಮೇಲೆ ಆ ಪದ ಬೇರೆಯವರ ಸ್ವತ್ತಾಗಿಬಿಟ್ಟಿದೆ. ಇಮೇಲ್ ಕೇಳುವ ಪುಟದಲ್ಲಿ ಅದನ್ನು ಕಂಡರೆ ಆಧಾರ್ ಸಂಖ್ಯೆಯನ್ನೂ ಕೇಳುತ್ತಾರೆಂದು ತಿಳಿದಾರು. ‘ಪ್ರಬಂಧ’ ಶಾಲೆಗೂ ವಿಶ್ವವಿದ್ಯಾಲಯಕ್ಕೂ ಸೇರಿದ್ದು.

ನನ್ನ ಮುಂದೆ ಉಳಿದಿರುವುದು ಎರಡು. ಒಂದು, ‘ತಿಳಿಹೊತ್ತಿಗೆ’. ತಿಳಿಯುವುದು, ತಿಳಿಯಾಗಿರುವುದು ಎರಡೂ ಅದರಲ್ಲಿವೆ. ಶ್ವೇತದ ಛಾಯೆಯೂ ಸ್ವಲ್ಪ ಉಳಿಯುತ್ತದೆ. ತೊಡಕು ‘ಹೊತ್ತಿಗೆ’ಯದು. ಪುಸ್ತಕವೆಂಬ ಅರ್ಥದಲ್ಲಿ ಅದು ಸಾಹಿತ್ಯದ ಮಾತು. ದಿನದ ಬಳಕೆಯಲ್ಲಿ ಹೊತ್ತಿಗೆ ಎಂದರೆ ಸಮಯಕ್ಕೆ ಎಂದೇ ಕಿವಿಗೆ ಬೀಳುತ್ತದೆ, ಊಟದ ಹೊತ್ತಿಗೆ, ಬಸ್ಸಿನ ಹೊತ್ತಿಗೆ ಎಂಬಂತೆ. ಎರಡನೆಯದು ‘ಪುರಾವೆ ಪುಸ್ತಿಕೆ’. ಪುರಾವೆ ನಮ್ಮ ಕಡೆ ಸಂತೆಯಲ್ಲಿಯೂ ನಡೆಯುವ ಮಾತು, ಮುದ್ರಣದಲ್ಲೂ ಸಲೀಸಾಗಿ ಬರುತ್ತದೆ. ಪುರಾವೆ ಎಂದು ಮುಖಪುಟದಲ್ಲಿ ಹಾಕಿದ ಮೇಲೆ ಒಳಗೆ ಬರಿಯ ಹೊಗಳಿಕೆ ತುಂಬಲು ಯಾರಿಗೂ ಕೈ ಬಾರದು. ನಾನು ಬಯಸುವ ಹೊರೆ ಅದರಲ್ಲಿದೆ. ಕೋರ್ಟಿನ ವಾಸನೆ ಇದೆ ಎಂಬ ಆಕ್ಷೇಪ ಬರಬಹುದು, ಅದನ್ನು ಒಪ್ಪುತ್ತೇನೆ. ಆದರೂ ನನ್ನ ಒಲವು ಇದರ ಕಡೆಗೇ. ಶ್ವೇತಪತ್ರವನ್ನು ಸರ್ಕಾರಕ್ಕೆ ಬಿಟ್ಟುಬಿಡೋಣ. ಜನ ಲೆಕ್ಕ ಕೇಳಲು ಬಳಸುವ ಪದವನ್ನು ವ್ಯಾಪಾರಕ್ಕೆ ಎಳೆದು ಸವೆಸಬಾರದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೂ ಎರಡು ಸಣ್ಣ ಸಂದೇಹಗಳಿವೆ. ಇಮೇಲ್ ಕೊಟ್ಟವರನ್ನು ‘ಚಂದಾದಾರರು’ ಎನ್ನುವುದು ರೂಢಿ, ಆದರೆ ಇಲ್ಲಿ ಯಾರೂ ಚಂದಾ ಕೊಡುತ್ತಿಲ್ಲ. ‘ಓದುಗ ಬಳಗ’ ಎಂದರೆ ಸಾಲದೇ? ಎರಡನೆಯದು ಒಪ್ಪಿಗೆಯ ಸಾಲಿನದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವಿಳಾಸವನ್ನು ಯಾವುದಕ್ಕೆ ಬಳಸುತ್ತೇವೆಂದು ತಿಳಿಸುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಆಯ್ಕೆ ಇರಬೇಕೆನ್ನುತ್ತದೆ. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ‘ಸಮ್ಮತಿಸುತ್ತೇನೆ’ ಎಂಬುದಕ್ಕಿಂತ ‘ಒಪ್ಪಿದ್ದೇನೆ’ ಎಂಬುದು ನನಗೆ ನೇರವಾಗಿ ಕಾಣುತ್ತದೆ. ಕಾನೂನು ಬಲ್ಲವರು ಹೇಳಬೇಕು.

ಕೊನೆಗೆ ಗಡಿಭಾಗದವರಿಗೆ ಒಂದು ಕೋರಿಕೆ. ಮರಾಠಿಯಲ್ಲಿ ‘ಅಹವಾಲ್’ ಎಂದರೆ ವರದಿ. ಕನ್ನಡ ಪತ್ರಿಕೆಗಳಲ್ಲಿ ‘ಅಹವಾಲು’ ಎಂದರೆ ಜನರ ದೂರು, ಮನವಿ. ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಸಹಕಾರಿ ಸಂಘಗಳ ಹಳೆಯ ಕನ್ನಡ ಕಾಗದಗಳಲ್ಲಿ ಅಹವಾಲು ವರದಿಯ ಅರ್ಥದಲ್ಲಿ ಬಂದಿದ್ದರೆ, ಆ ವಾಕ್ಯವನ್ನು ವರ್ಷದ ಸಮೇತ ಇಲ್ಲಿ ಹಾಕಿ. ವಿಜಯಪುರ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಔಷಧ, ಗೊಬ್ಬರ ಮಾರುವವರು ರೋಗದ ಬಗ್ಗೆ ಚಿತ್ರ ಸಮೇತ ಪುಸ್ತಿಕೆ ಹಂಚುವುದುಂಟಲ್ಲವೇ? ಅದನ್ನು ರೈತರು ಯಾವ ಹೆಸರಿನಿಂದ ಕರೆಯುತ್ತಾರೆ? ಅಲ್ಲೊಂದು ಒಳ್ಳೆಯ ಪದ ಆಗಲೇ ಬಳಕೆಯಲ್ಲಿದ್ದರೆ ನನ್ನ ಎರಡನ್ನೂ ಕೈಬಿಡಲು ಸಿದ್ಧನಿದ್ದೇನೆ.