ಪದಚರ್ಚೆ: ಅಸೆಸ್‌ಮೆಂಟ್ ಎಂದರೆ ‘ಮೌಲ್ಯಮಾಪನ’ವೇ? ಡಯಾಗ್ನೋಸಿಸ್ ‘ರೋಗನಿದಾನ’ವೇ?

ಪ್ರಶ್ನೆ:
ಓದಿನಲ್ಲಿ ಹಿಂದೆ ಬಿದ್ದ ಮಕ್ಕಳ ತಂದೆತಾಯಿಗಳಿಗೆ ಒಂದು ಕರಪತ್ರ ಕನ್ನಡದಲ್ಲಿ ಬೇಕಿದೆ. ‘ಕ್ಲಿನಿಕಲ್ ಸೈಕಾಲಜಿಸ್ಟ್ ಅಸೆಸ್‌ಮೆಂಟ್ ಮಾಡಿ ಡಯಾಗ್ನೋಸಿಸ್ ತಿಳಿಸುತ್ತಾರೆ’ ಎಂಬಲ್ಲಿ ಮೊದಲನೆಯದಕ್ಕೆ ‘ಮೌಲ್ಯಮಾಪನ’, ಎರಡನೆಯದಕ್ಕೆ ‘ರೋಗನಿದಾನ’ ಎಂದು ಹಾಕಿದೆ. ಸರಿಹೊಂದುತ್ತಿಲ್ಲ. ಕ್ಲೈಂಟ್‌ಗೆ ‘ಕಕ್ಷಿದಾರ’ ನಡೆಯುತ್ತದೆಯೇ?

ಉತ್ತರ:
ಕಕ್ಷಿದಾರ ಬೇಡ, ಕೋರ್ಟು ನೆನಪಾಗುತ್ತದೆ. ನಿಮ್ಮ ಕರಪತ್ರದಲ್ಲಿ ‘ಮಗು’ ಎಂದರೆ ಮುಗಿಯಿತು.

‘ಮೌಲ್ಯಮಾಪನ’ ಎಂದರೆ ನಮ್ಮವರಿಗೆ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದುವುದು. ‘ಪರೀಕ್ಷೆ’ಯೂ ಸಾಲದು, ಏಕೆಂದರೆ ಪರೀಕ್ಷೆ ಇಡೀ ಕೆಲಸದ ಒಂದು ಭಾಗ ಮಾತ್ರ. ಮೊದಲು ತಂದೆತಾಯಿಯಿಂದ ಪೂರ್ವವೃತ್ತ: ಹೆರಿಗೆ ಹೇಗಾಯಿತು, ನಡಿಗೆ ಮಾತು ಯಾವಾಗ ಬಂದವು, ಫಿಟ್ಸ್ ಬಂದಿತ್ತೇ, ಶಾಲೆಯ ಭಾಷೆ ಮನೆಯ ಭಾಷೆ ಒಂದೇನಾ. ಕಿವಿ, ಕಣ್ಣು ತೋರಿಸಿದ್ದಾರೋ ಇಲ್ಲವೋ ಎಂದೂ ಕೇಳಬೇಕು. ಸರಿಯಾಗಿ ಕೇಳಿಸದ ಮಗು ಮಾತಿನ ಪ್ರಶ್ನೆಗಳಲ್ಲಿ ಸೋಲುತ್ತದೆ, ಅಂಕ ನೋಡಿದವರು ಬುದ್ಧಿ ಕಡಿಮೆ ಎಂದುಕೊಳ್ಳುತ್ತಾರೆ. ಆಮೇಲೆ ಮಗುವಿನ ಜೊತೆ ಮಾತು, ಅದರ ನಡವಳಿಕೆಯ ಗಮನಿಕೆ. ಟೆಸ್ಟುಗಳು ಅದಾದ ಮೇಲೆ. ಇವೆಲ್ಲ ಸೇರಿ ಅಸೆಸ್‌ಮೆಂಟ್. ನನ್ನ ಆಯ್ಕೆ ‘ತಪಾಸಣೆ’. ಆಸ್ಪತ್ರೆಯಲ್ಲಿ ಜನ ಆಡುವ ಮಾತೇ ಅದು.

ಟೆಸ್ಟಿನ ಅಂಕವೂ ಡಯಾಗ್ನೋಸಿಸ್ ಅಲ್ಲ. ಮಕ್ಕಳ ಬುದ್ಧಿಶಕ್ತಿ ಅಳೆಯುವ ಬಿನೆ-ಕಾಮತ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ವಿ. ವಿ. ಕಾಮತ್ ಅವರು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆಂದು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆಯ ಬುದ್ಧಿಮಾಪಕವನ್ನು ಹೊಂದಿಸಿ 1934ರಲ್ಲಿ ಪ್ರಕಟಿಸಿದ್ದು. (ಕನ್ನಡಕ್ಕೆ ಇಷ್ಟು ಹಿಂದೆಯೇ ಬುದ್ಧಿಮಾಪಕ ಬಂದದ್ದು ನಮ್ಮಲ್ಲೇ ಹಲವರಿಗೆ ಗೊತ್ತಿಲ್ಲ.) ಅದರಲ್ಲಿ ಮಾನಸಿಕ ವಯಸ್ಸನ್ನು (ಮಗುವಿನ ಉತ್ತರಗಳು ಯಾವ ವಯಸ್ಸಿನ ಮಟ್ಟದವೋ ಅದನ್ನು) ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. 8 ವರ್ಷದ ಮಗುವಿನ ಮಾನಸಿಕ ವಯಸ್ಸು 6 ಬಂದರೆ ಐಕ್ಯೂ 75. ಸಾಮಾನ್ಯವಾಗಿ 70ರ ಕೆಳಗೆ ಬಂದರೆ ಬೌದ್ಧಿಕ ಅಂಗವೈಕಲ್ಯದ ಶಂಕೆ; ಆದರೆ ತೀರ್ಮಾನಕ್ಕೆ ಅಷ್ಟೇ ಸಾಲದು. ಉಣ್ಣುವುದು, ಬಟ್ಟೆ ತೊಡುವುದು, ಒಬ್ಬನೇ ಓಡಾಡುವುದು ವಯಸ್ಸಿಗೆ ತಕ್ಕಂತಿದೆಯೇ ಎಂದು ವೈನ್‌ಲ್ಯಾಂಡ್ ಮಾಪಕದಲ್ಲಿ ತಾಯಿಯನ್ನು ಕೇಳಿ ನೋಡುತ್ತಾರೆ. ತೊಂದರೆ ಬೆಳವಣಿಗೆಯ ವಯಸ್ಸಿನಲ್ಲೇ ಶುರುವಾಗಿರಬೇಕು. ಬಹಳ ಹಿಂದಿನ ಮಕ್ಕಳ ಅಂಕಗಳಿಗೆ ಹೋಲಿಸುವ ಹಳೆಯ ಮಾನದಂಡದ ಪರೀಕ್ಷೆಯಲ್ಲಿ ಅಂಕ ಇರುವುದಕ್ಕಿಂತ ಹೆಚ್ಚೇ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ‘ನಿದಾನ’. ಆಯುರ್ವೇದದ ನಿದಾನಪಂಚಕದಲ್ಲಿ, ಎಂದರೆ ರೋಗ ತಿಳಿಯುವ ಐದು ಸಾಧನಗಳಲ್ಲಿ, ನಿದಾನ ಎಂದರೆ ಕಾರಣ. ಐಸಿಡಿಯಲ್ಲಿರುವ (ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ) ಮನೋರೋಗದ ಹೆಸರುಗಳು ಬಹುಪಾಲು ಕಾರಣ ಹೇಳುವುದಿಲ್ಲ. ಯಾವ ಲಕ್ಷಣ, ಎಷ್ಟು ಕಾಲ, ಬದುಕಿಗೆ ಎಷ್ಟು ಅಡ್ಡಿ, ಇಷ್ಟೇ ನೋಡುತ್ತವೆ. ಮೇಲಾಗಿ ಅಚ್ಚಿನಲ್ಲಿ ‘ರೋಗನಿಧಾನ’ ಆಗಿಬಿಡುತ್ತದೆ. ದೊಡ್ಡವರ ಖಿನ್ನತೆ, ಸ್ಕಿಜೋಫ್ರೇನಿಯಾಗಳಿಗೆ ‘ರೋಗನಿರ್ಣಯ’ ಸರಿ. ಮಕ್ಕಳ ಕರಪತ್ರದಲ್ಲಿ ‘ರೋಗ’ವೇ ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಬುದ್ಧಿಮಾಂದ್ಯವನ್ನು (ಬೌದ್ಧಿಕ ಅಂಗವೈಕಲ್ಯದ ಹಳೆಯ ಹೆಸರು) ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ‘ತಪಾಸಣೆ ಮಾಡಿ ತೊಂದರೆ ಏನೆಂದು ಗುರುತಿಸುತ್ತಾರೆ’ ಎಂದು ಬರೆಯಿರಿ.

ಇನ್ನೊಬ್ಬರಿಂದ:
‘ತಪಾಸಣೆ’ಗೆ ನನ್ನದೂ ಒಪ್ಪಿಗೆ, ಆದರೆ ಯಾರನ್ನು ಮುಂದೆ ವಿವರವಾಗಿ ನೋಡಬೇಕು ಎಂದು ಮೊದಲು ಸೋಸುವ ಸ್ಕ್ರೀನಿಂಗ್‌ಗೂ ಅದನ್ನೇ ಬಳಸುತ್ತಾರೆ, ಅಲ್ಲಿ ‘ಪ್ರಾಥಮಿಕ’ ಸೇರಿಸಿ. ಖಿನ್ನತೆಯ ಪ್ರಶ್ನಾವಳಿ ಪಿಎಚ್‌ಕ್ಯೂ-9 ಅಂಥದ್ದು: ಕಳೆದ 2 ವಾರದ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು ಹೆಚ್ಚೆಂದರೆ 27. 10 ಅಥವಾ ಹೆಚ್ಚು ಬಂದರೆ ಖಿನ್ನತೆ ಇದೆ ಎಂದಲ್ಲ, ಕೂತು ವಿವರವಾಗಿ ಕೇಳಬೇಕು ಎಂದು. ಥೈರಾಯ್ಡ್ ಕಡಿಮೆಯಾದರೂ ಸುಸ್ತು, ನಿದ್ದೆಯ ಪ್ರಶ್ನೆಗಳಲ್ಲಿ ಅಂಕ ಏರುತ್ತದೆ. ಒಟ್ಟು ಎಷ್ಟೇ ಇರಲಿ, ಸಾಯುವ ಯೋಚನೆಯ 9ನೇ ಪ್ರಶ್ನೆಗೆ 0 ಬಿಟ್ಟು ಬೇರೆ ಉತ್ತರ ಬಂದರೆ ಆಗಲೇ ಮಾತಾಡಿಸಬೇಕು.

ಈ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವವರು ‘ಬೇಜಾರು’ ಪದವನ್ನು ಒಂಟಿಯಾಗಿ ಬಿಡಬಾರದು. ದುಃಖಕ್ಕೂ ಬೇಜಾರು, ಕೆಲಸವಿಲ್ಲದೆ ಕೂತರೂ ಬೇಜಾರು, ಗಂಡನ ಮೇಲೆ ಮುನಿಸಿದ್ದರೂ ಬೇಜಾರು. ‘ಮನಸ್ಸು ಕುಗ್ಗಿದೆಯಾ, ಯಾವುದೂ ಬೇಡ ಅನ್ನಿಸುತ್ತಾ’ ಎಂದು ಬಿಡಿಸಿ ಕೇಳಿ.