ಒಳಗಿನ ಹೆಣ್ಣಿಗೆ ಬಾಡಿಗೆ ಎಷ್ಟು?

ಭಾನುವಾರ ಮಧ್ಯಾಹ್ನ. ಸರಸಕ್ಕನ ಮನೆಯಲ್ಲಿ ಮಂಡಕ್ಕಿಗೆ ಈರುಳ್ಳಿ ಹೆಚ್ಚುವ ಕೆಲಸ ಎಂದಿನಂತೆ ನನಗೇ ಬಿದ್ದಿತ್ತು. ರಾಜಿ ಯಾರದೋ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಳು. ಕಾಂಪೌಂಡರ್ ಕಮಲಿ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದಳು. ಪಮ್ಮಿ ಬಂದಾಗಿನಿಂದ ಮೊಬೈಲಿನಿಂದ ತಲೆ ಎತ್ತಿರಲಿಲ್ಲ.

"ಅಕ್ಕಾ, ಕೇಳಿ ಇಲ್ಲಿ. ಟ್ರಾನ್ಸ್ ಹೆಣ್ಣುಮಕ್ಕಳಿಗೆ ಸೌಂದರ್ಯದ ಟಿಪ್ಸ್ ಅಂತೆ. ಮೊದಲನೇದು, ನಿಮ್ಮ ಒಳಗಿನ ಹೆಣ್ಣನ್ನು ಅಪ್ಪಿಕೊಳ್ಳಿ."

ಸರಸಕ್ಕ ಒಗ್ಗರಣೆ ಸೌಟು ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದಳು.

"ಯಾರನ್ನ?"

"ಒಳಗಿನ ಹೆಣ್ಣನ್ನ."

"ಅವಳು ಯಾವಾಗ ಬಂದ್ಲೇ? ಅಡ್ವಾನ್ಸ್ ಕೊಟ್ಟಿದ್ದಾಳಾ?"

ಅಲ್ಲಿಗೆ ಶುರುವಾಯಿತು. ಸರಸಕ್ಕನ ಬಾಯಿಗೆ ಒಂದು ಮಾತು ಸಿಕ್ಕಿದರೆ ಗಾಣಕ್ಕೆ ಕಬ್ಬು ಸಿಕ್ಕಿದ ಹಾಗೆ. ಸಿಪ್ಪೆ ಆಗುವವರೆಗೂ ಬಿಡುವುದಿಲ್ಲ.

"ಅಲ್ಲ, ಈ ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಇಲ್ಲದೆ ಕೋಳಿಗೂಡೂ ಸಿಗಲ್ಲ. ಇವಳು ಪುಕ್ಕಟೆ ಒಳಗೆ ಕೂತಿದ್ದಾಳೆ. ಬಾಡಿಗೆ ಕೇಳೋದು ಬಿಟ್ಟು ನಾನು ಹೋಗಿ ಅಪ್ಪಿಕೊಳ್ಳಬೇಕಂತೆ! ಹೂಂ, ಆಮೇಲೆ?"

"ಆಮೇಲೆ ಹತ್ತು ಹೆಜ್ಜೆ. ಎಣ್ಣೆ ಕ್ಲೆನ್ಸರ್, ನೀರಿನ ಕ್ಲೆನ್ಸರ್, ಟೋನರ್, ಎಸೆನ್ಸ್, ಸೀರಮ್... ಕೊರಿಯಾದಲ್ಲಿ ಹೀಗೇ ಮಾಡೋದಂತೆ ಅಕ್ಕ. ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ."

"ಹತ್ತು ಹೆಜ್ಜೆ! ಈ ಮನೇಲಿ ಎಲ್ಲಿಂದ ಎಲ್ಲಿಗೆ ನಡೆದರೂ ಆರೇ ಹೆಜ್ಜೆ. ಏಳನೇದಕ್ಕೆ ಬಚ್ಚಲ ಗೋಡೆ ಮೂಗಿಗೆ ತಾಗುತ್ತೆ."

ರಾಜಿ ತಲೆ ಎತ್ತದೆ ಕೇಳಿದಳು. "ಎಲ್ಲಾ ಸೇರಿ ಎಷ್ಟಾಗುತ್ತೆ?"

"4,500," ಎಂದಳು ಪಮ್ಮಿ, ಕೇಳಿಸಿಯೂ ಕೇಳಿಸದ ಹಾಗೆ.

ರಾಜಿಯ ಸೂಜಿ ನಿಂತಿತು. "ಹತ್ತು ಬ್ಲೌಸು. ಲೈನಿಂಗ್ ಹಾಕಿ." ಪ್ರಪಂಚದಲ್ಲಿ ಯಾವುದಕ್ಕೇ ಬೆಲೆ ಕಟ್ಟಲಿ, ರಾಜಿ ಅದನ್ನು ಬ್ಲೌಸಿನಲ್ಲೇ ಕಟ್ಟುತ್ತಾಳೆ.

ಕಮಲಿ ಗಂಟಲು ಸರಿಮಾಡಿಕೊಂಡಳು. ಚರ್ಮದ ಡಾಕ್ಟರ ಹತ್ತಿರ ಹನ್ನೊಂದು ವರ್ಷ ಕೆಲಸ ಮಾಡಿ ಅವಳು ಮುಕ್ಕಾಲು ಡಾಕ್ಟರಾಗಿದ್ದಾಳೆ. ಉಳಿದ ಕಾಲು ಭಾಗ ಫೀಸು ಮಾತ್ರ. "ಮುಖ ತೊಳಿ. ಮಾಯಿಶ್ಚರೈಸರ್ ಹಚ್ಚು. ಹೊರಗೆ ಹೋಗುವಾಗ ಎಸ್‌ಪಿಎಫ್ 30 ಇರೋ ಸನ್‌ಸ್ಕ್ರೀನ್. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಮೂರೇ. ಮಿಕ್ಕ ಏಳು ಹೆಜ್ಜೆ ಅಂಗಡಿಯವನ ಮನೆ ಕಡೆಗೆ."

"ಹಂಗಾದ್ರೆ ಗಡ್ಡಕ್ಕೆ?" ಪಮ್ಮಿ ಗದ್ದ ಮುಂದೆ ಮಾಡಿದಳು. "ಹಾರ್ಮೋನ್ ಶುರು ಮಾಡಿ ಎಂಟು ತಿಂಗಳಾಯ್ತು. ಚರ್ಮ ಮೆತ್ತಗಾಗಿದೆ, ಕೈ ಮೇಲಿನ ಕೂದಲು ತೆಳ್ಳಗಾಗಿದೆ. ಇದು ಮಾತ್ರ ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ."

"ಹೋಗಲ್ಲ. ಒಂದ್ಸಲ ಬೇರು ಬಿಟ್ಟ ಗಡ್ಡ ಮಾತ್ರೆಗೆ ಹೆದರಲ್ಲ. ಒಡೆದ ಗಂಟಲೂ ಅಷ್ಟೇ, ಅದನ್ನು ಅಭ್ಯಾಸ ಮಾಡೇ ಪಳಗಿಸಬೇಕು."

"ಅಂದ್ರೆ ಇವಳು ಮನೆಗೆ ಬಂದಾಯ್ತು," ಎಂದಳು ಸರಸಕ್ಕ, "ಹಳೇ ಬಾಡಿಗೆಯವನು ಸಾಮಾನು ಖಾಲಿ ಮಾಡಿಲ್ಲ."

ಪಮ್ಮಿಗೂ ನಗು ತಡೆಯಲಾಗಲಿಲ್ಲ.

ಲೇಸರ್ ವಿಷಯಕ್ಕೆ ಬಂದರೆ ಕಮಲಿಯನ್ನು ಹಿಡಿಯುವವರಿಲ್ಲ. ಲೇಸರ್ ಹುಡುಕುವುದು ಕೂದಲಿನ ಕಪ್ಪನ್ನು. ನಮ್ಮಂಥ ಬಣ್ಣದವರ ಚರ್ಮದಲ್ಲೂ ಅದೇ ಕಪ್ಪಿರುತ್ತದೆ. ಅದಕ್ಕೇ 1064 ನ್ಯಾನೋಮೀಟರಿನ ಮಿಷನ್ ಇದೆಯಾ ಎಂದು ಮೊದಲು ಕೇಳಬೇಕು, ಇಲ್ಲದಿದ್ದರೆ ಗಡ್ಡ ಹೋಗಿ ಸುಟ್ಟ ಕಲೆ ಬರಬಹುದು. ಒಂದೆರಡು ಸಲಕ್ಕೆ ಮುಗಿಯುವುದಿಲ್ಲ, ವಾರಗಟ್ಟಲೆ ಬಿಟ್ಟು ಬಿಟ್ಟು ಆರೆಂಟು ಸಲವಾದರೂ ಬೇಕು. "ಇನ್ನೊಂದು, ಬಿಳಿ ಕೂದಲು ಲೇಸರ್ ಕಣ್ಣಿಗೆ ಬೀಳೋದೇ ಇಲ್ಲ," ಎಂದಳು.

ಸರಸಕ್ಕ ತನ್ನ ಗದ್ದ ಸವರಿಕೊಂಡಳು. "ಅದಕ್ಕೂ ವಯಸ್ಸಾದವರು ಕಾಣಲ್ಲ ಅನ್ನು."

"ನಿಮಗೆ ಎಲೆಕ್ಟ್ರಾಲಿಸಿಸ್ ಮಾಡಬೇಕು ಅಕ್ಕ. ಒಂದೊಂದೇ ಕೂದಲಿನ ಬುಡಕ್ಕೆ ಸೂಜಿ ಇಳಿಸಿ ಕರೆಂಟು ಕೊಡ್ತಾರೆ."

"ಮಾಡಿಸೋಣ. ಹೆಂಗೂ 200 ಯೂನಿಟ್ ಫ್ರೀ ಇದೆ."

ಅಷ್ಟರಲ್ಲಿ ಕಮಲಿಯ ಕೈ ಪಮ್ಮಿಯ ಬ್ಯಾಗಿನೊಳಗೆ ಹೋಗಿತ್ತು. ಒಂದು ಪುಟ್ಟ ಟ್ಯೂಬು ಹೊರಗೆ ಬಂತು. ಕಿಟಕಿ ಬೆಳಕಿಗೆ ಹಿಡಿದು ಇರುವೆಯಂಥ ಅಕ್ಷರ ಓದಿದಳು. "ಇದು ಎಲ್ಲಿ ಸಿಕ್ತು?"

"ಬೆಳ್ಳಗಾಗೋ ಕ್ರೀಮು. ಮೆಡಿಕಲ್ ಶಾಪ್‌ನವನು ಕೊಟ್ಟ. ಇನ್ನೂ ಮುಚ್ಚಳ ತೆಗೆದಿಲ್ಲ."

"ತೆಗೀಲೇಬೇಡ. ಕ್ಲೋಬೆಟಸಾಲ್ ಇದೆ ಇದರಲ್ಲಿ, ಸ್ಟಿರಾಯ್ಡ್. ಮೊದಮೊದಲು ಮುಖ ಹೊಳೆಯುತ್ತೆ. ಆಮೇಲೆ ಚರ್ಮ ಈರುಳ್ಳಿ ಸಿಪ್ಪೆ ಥರ ತೆಳುವಾಗುತ್ತೆ. ಮೊಡವೆ, ಉರಿ, ಕೆಂಪು. ಮುಖದ ಮೇಲೆ ಕೂದಲೂ ಬರುತ್ತೆ."

"ಕೂದಲಾ!" ಪಮ್ಮಿ ಟ್ಯೂಬು ಕಿತ್ತುಕೊಂಡು ಬಾಗಿಲ ಮೂಲೆಗೆ ಎಸೆದಳು. ಮೊಡವೆಗೆ ಹೆದರದವಳು ಕೂದಲಿಗೆ ಹೆದರಿದಳು.

ಸರಸಕ್ಕ ಹೋಗಿ ಅದನ್ನು ಎತ್ತಿ ಕಸದ ಡಬ್ಬಕ್ಕೆ ಹಾಕಿ ಬಂದಳು. "ಆ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯ್ತಲ್ಲ, ನನಗೆ ಒಂದೇ ಹೊಟ್ಟೆಕಿಚ್ಚು. ಹೆಸರು ಬದಲಾಯಿಸ್ಕೊಳ್ಳೋಕೆ ಅದಕ್ಕೆ ಡಿಸಿ ಸರ್ಟಿಫಿಕೇಟ್ ಬೇಕಾಯ್ತಾ? ಅಫಿಡವಿಟ್ ಬೇಕಾಯ್ತಾ? ನಮಗೆ 2019ರ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕಾನೂನು ಬಂದಮೇಲೂ ಅರ್ಜಿ ಹಿಡ್ಕೊಂಡು ಓಡಾಟ. ಟ್ಯೂಬಾಗಿ ಹುಟ್ಟಬೇಕಿತ್ತು ಕಣೇ."

ಕಮಲಿಯ ಭಾಷಣ ಇನ್ನೂ ಮುಗಿದಿರಲಿಲ್ಲ. ಡಾಕ್ಟರನ್ನು ಕೇಳದೆ ಅಂಗಡಿಯಿಂದ ಗರ್ಭನಿರೋಧಕ ಮಾತ್ರೆ ತಂದು ಹಿಡಿಹಿಡಿ ನುಂಗುವವರಿಗೂ ಬೈದಳು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಸಿಗರೇಟು ಸೇದುವವರಿಗೆ ಇನ್ನೂ ಅಪಾಯ ಎಂದಳು.

"ನಾವು ಅದನ್ನೇ ನುಂಗಿದ್ದು," ಎಂದಳು ಸರಸಕ್ಕ. "ನಮಗೆ ಡಾಕ್ಟರ್ ಎಲ್ಲಿದ್ರು?" ಹಮಾಮಿನಲ್ಲಿ, ಅಂದರೆ ನಮ್ಮವರು ನಡೆಸುತ್ತಿದ್ದ ಬಿಸಿನೀರಿನ ಸ್ನಾನದ ಮನೆಯಲ್ಲಿ, ಅವಳ ಜೊತೆಗಿದ್ದವರಲ್ಲಿ ಈಗ ಎಷ್ಟು ಜನ ಇದ್ದಾರೆ ಎಂದು ನಾವು ಯಾರೂ ಕೇಳುವುದಿಲ್ಲ. ಅವಳೇ ಮಾತು ತಿರುಗಿಸಿದಳು. "ಸ್ಟೀಮ್ ಫೇಷಿಯಲ್ ಮಾತ್ರ ದಿನಾ ಇತ್ತು. ಬೆಳಿಗ್ಗೆ ಐದಕ್ಕೆ ಎದ್ದು ಹಂಡೆ ಕೆಳಗೆ ಸೌದೆ ಒಟ್ಟಬೇಕು. ಸ್ನಾನಕ್ಕೆ ಬರೋರಿಗೆ ನೀರು ಕಾಯೋ ಹೊತ್ತಿಗೆ ನಮ್ಮ ಮುಖ ಹಬೆಯಾಡ್ತಿತ್ತು. ಮಸಿ ಸಮೇತ."

ಪಮ್ಮಿಯ ಪಟ್ಟಿ ಇನ್ನೂ ಬಾಕಿ ಇತ್ತು. ಹೆಣ್ಣಿನ ಹಾಗೆ ಕೂರುವುದು ಹೇಗೆ. ಮಂಡಿ ಎರಡೂ ಕೂಡಿರಬೇಕು, ಮಣಿಕಟ್ಟು ಮೆತ್ತಗಿರಬೇಕು, ಕತ್ತು ಸ್ವಲ್ಪ ವಾಲಿರಬೇಕು. ದನಿ ಗಾಳಿ ಬೀಸಿದ ಹಾಗಿರಬೇಕು.

ಸರಿಯಾಗಿ ಆಗಲೇ ಮಹಡಿ ಮೇಲಿಂದ ಓನರ್ ಸಾವಿತ್ರಮ್ಮನ ಗಂಟಲು ಕೇಳಿಸಿತು. "ಏಯ್ ಸೊಪ್ಪೂ!" ಬೀದಿ ತುದಿ ದಾಟಿ ಹೋಗಿದ್ದ ಗಾಡಿ ತಿರುಗಿ ಬಂದ ಸದ್ದಾಯಿತು.

"ಬರ್ಕೊಳ್ಳೇ," ಎಂದಳು ಸರಸಕ್ಕ. "ಸಾವಿತ್ರಮ್ಮ, ಮೂರು ಮಕ್ಕಳು, ಐದು ಮೊಮ್ಮಕ್ಕಳು. ದನಿಯಲ್ಲಿ ಫೇಲು. ಮೊನ್ನೆ ಹಲಸಿನಹಣ್ಣು ಬಿಡಿಸುವಾಗ ಕೂತಿದ್ದು ನೋಡಿದೀಯಲ್ಲ, ಒಂದು ಮಂಡಿ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಕೂರೋದರಲ್ಲೂ ಫೇಲು. ಪಾಪ, ಅವರ ಒಳಗಿನ ಹೆಣ್ಣು ಯಾವತ್ತೋ ಮನೆ ಖಾಲಿ ಮಾಡಿರಬೇಕು. ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳೋಕೆ 2021ರಲ್ಲಿ ದೆಹಲಿಗೆ ಹೋದ್ರಲ್ಲ, ಸೆರಗು ಹಿಡಿದು ರಾಷ್ಟ್ರಪತಿಗೇ ದೃಷ್ಟಿ ತೆಗೆದ್ರು. ಅದು ಎಷ್ಟನೇ ಹೆಜ್ಜೆ? ನಿನ್ನ ಪಟ್ಟಿಯಲ್ಲಿ ಇದೆಯಾ ನೋಡು."

ಪಮ್ಮಿಗೆ ಸಿಟ್ಟು ಬಂತು. "ನಿಮಗೇನು ಅಕ್ಕ, ಐವತ್ತು ದಾಟಿದೆ. ಈ ಏರಿಯಾದವರಿಗೆಲ್ಲ ನಿಮ್ಮ ಪರಿಚಯ. ನಾನು ದಿನಾ ಮೆಟ್ರೋ ಹತ್ತಬೇಕು. ಗಡ್ಡದ ನೀಲಿ ಕಂಡ್ರೆ ಮೇಲಿಂದ ಕೆಳಗೆ ನೋಡ್ತಾರೆ. ಪಕ್ಕದಲ್ಲಿ ಕೂತವರು ಎದ್ದು ಹೋಗ್ತಾರೆ. ಆಗ ನಾನು ಯಾರನ್ನ ಕೇಳಲಿ? ಮೊಬೈಲನ್ನೇ ಕೇಳ್ತೀನಿ."

ಸರಸಕ್ಕನಿಗೆ ಉತ್ತರ ಹೊಳೆಯಲಿಲ್ಲ. ಇದು ಅಪರೂಪ. ರಾಜಿ ನಡುವೆ ಬಂದಳು. "ಆ ನೀಲಿಗೆ ಫೌಂಡೇಶನ್ ಒಂದೇ ಬಳಿದ್ರೆ ಬೂದಿ ಬಣ್ಣ ಆಗುತ್ತೆ. ಕೆಳಗೆ ಕಿತ್ತಳೆ ಬಣ್ಣದ ಕರೆಕ್ಟರ್ ತೆಳ್ಳಗೆ ಒತ್ತಿ, ಆಮೇಲೆ ಫೌಂಡೇಶನ್. ಲೈನಿಂಗ್ ಸರಿಯಿದ್ರೆ ಮೇಲಿನ ಬಟ್ಟೆ ಕೂರುತ್ತೆ. ಭುಜ ಅಗಲ ಅಂತ ಅಳ್ತೀಯಲ್ಲ, ಬುಟ್ಟಿ ತೋಳು ಹೊಲಿಸ್ಬೇಡ. ನಾಳೆ ಅಂಗಡಿಗೆ ಬಾ, ಕತ್ತು ವಿ ಶೇಪ್‌ನಲ್ಲಿ ಇಳಿಸಿ ಕೊಡ್ತೀನಿ." ಅರ್ಧ ನಿಮಿಷದ ಮಾತು. ಆ ಪಟ್ಟಿಯಲ್ಲಿ ಇಷ್ಟು ಕೆಲಸಕ್ಕೆ ಬರುವ ಮಾತು ಒಂದೂ ಇರಲಿಲ್ಲ.

ಪಮ್ಮಿ ಸ್ವಲ್ಪ ಸಮಾಧಾನವಾದಳು. ಮೊಬೈಲಿನ ಹಿಂಬದಿಯ ಕವರ್ ಬಿಚ್ಚಿ ಒಂದು ಚೀಟಿ ತೆಗೆದಳು. ಬಸ್ ಟಿಕೆಟ್ಟು. ಅಕ್ಷರ ಆಗಲೇ ಮಾಸುತ್ತಿತ್ತು.

"2023ರಲ್ಲಿ ಶಕ್ತಿ ಯೋಜನೆ ಬಂತಲ್ಲ, ನಮಗೂ ಫ್ರೀ ಅಂದ್ರು. ನಾನು ಆಧಾರ್ ತೋರಿಸಿದ್ರೆ ಕಾರ್ಡ್ ನೋಡ್ತಾರೆ, ಮುಖ ನೋಡ್ತಾರೆ, ಮತ್ತೆ ಕಾರ್ಡ್ ನೋಡ್ತಾರೆ. ಅಷ್ಟೊತ್ತಿಗೆ ಇಡೀ ಬಸ್ಸು ನೋಡಿರುತ್ತೆ. ಮಂಗಳವಾರ ಕಂಡಕ್ಟರ್ ಏನೂ ಕೇಳಲಿಲ್ಲ ಅಕ್ಕ. 'ಎಲ್ಲಿಗಮ್ಮಾ?' ಅಂದ. ಫ್ರೀ ಟಿಕೆಟ್ ಕೊಟ್ಟ. ಮುಂದಿನ ಸೀಟಿಗೆ ಹೋದ."

ಸರಸಕ್ಕ ಟಿಕೆಟ್ಟನ್ನು ಕೈ ಉದ್ದಕ್ಕೆ ದೂರ ಹಿಡಿದು ನೋಡಿದಳು. ಕನ್ನಡಕ ಇರಲಿಲ್ಲ.

"ಅವತ್ತು ಏನು ಹಚ್ಚಿದ್ದೆ?"

"ಏನೂ ಇಲ್ಲ. ನೈಟ್ ಶಿಫ್ಟ್ ಮುಗಿಸಿ ಬರ್ತಿದ್ದೆ. ಮುಖಾನೂ ತೊಳೆದಿರಲಿಲ್ಲ."

"ಒಂದು ಟಿಕೆಟ್‌ನಲ್ಲಿ ಇಬ್ಬರು ಬಂದ್ರಿ ಅನ್ನು. ಚೆಕಿಂಗ್‌ನವರು ಹತ್ತಿದ್ರೆ ಒಳಗಿನವಳಿಗೆ ಫೈನ್ ಬೀಳ್ತಿತ್ತು." ಆದರೆ ಟಿಕೆಟ್ಟನ್ನು ಮಡಿಸದೆ, ಅಂಚು ಹಿಡಿದು ವಾಪಸ್ ಕೊಟ್ಟಳು.

ಮಂಡಕ್ಕಿ ತಟ್ಟೆ ನಡುವೆ ಬಂತು. ಸರಸಕ್ಕ ಅಕ್ಕಿ ಡಬ್ಬದ ಹಿಂದಿನಿಂದ ತನ್ನ ಚಿಮಟ ತಂದು ಪಮ್ಮಿಯ ಗದ್ದ ಹಿಡಿದಳು. ಅವಳ ಗುರು ಬಿಟ್ಟುಹೋದ ಹಿತ್ತಾಳೆ ಚಿಮಟ. ಹೆಬ್ಬೆರಳು ಒತ್ತುವ ಜಾಗ ಸವೆದು ಗುಳಿಬಿದ್ದಿದೆ.

"ಮುಟ್ಟಬೇಡಿ!" ಎಂದಳು ಕಮಲಿ. "ಅವಳು ಲೇಸರ್ ಮಾಡಿಸ್ಕೊಳ್ಳೋದಿದ್ರೆ ಬೇರು ಒಳಗೇ ಇರಬೇಕು. ಕಿತ್ತುಬಿಟ್ರೆ ಲೇಸರ್‌ಗೆ ಹಿಡಿಯೋಕೆ ಏನೂ ಸಿಗಲ್ಲ. ಅಲ್ಲಿವರೆಗೂ ರೇಜರ್ ಮಾತ್ರ."

ಸರಸಕ್ಕ ಕೈ ಬಿಟ್ಟಳು. ಚಿಮಟವನ್ನು ಸೆರಗಿನಿಂದ ಒರೆಸುತ್ತಾ ಕೂತಳು. "ಆಪರೇಷನ್ ಆದಮೇಲೆ ನಲವತ್ತು ದಿನ ಕನ್ನಡಿ ನೋಡೋ ಹಾಗಿಲ್ಲ, ತಲೆ ಬಾಚೋ ಹಾಗಿಲ್ಲ. ನಮ್ಮಲ್ಲಿ ಅದು ಕಟ್ಟಳೆ. ನಿನ್ನ ಮೊಬೈಲು ದಿನಕ್ಕೆ ಹತ್ತು ಸಲ ಕನ್ನಡಿ ನೋಡು ಅನ್ನುತ್ತೆ. ನಲವತ್ತನೇ ದಿನ ಅರಿಶಿನ ಹಚ್ಚಿ, ನೀರು ಹುಯ್ದು, ಹೊಸ ಸೀರೆ ಉಡಿಸಿ, ಗುರು ಕನ್ನಡಿ ಕೈಗೆ ಕೊಟ್ರು."

"ಒಳಗಿನ ಹೆಣ್ಣು ಕಂಡ್ಲಾ?" ಎಂದಳು ಪಮ್ಮಿ. ಸೇಡು ತೀರಿಸಿಕೊಳ್ಳುವ ಸರದಿ ಅವಳದು.

"ಮೀಸೆ ಕಂಡಿತು. ನಲವತ್ತು ದಿನ ಚಿಮಟ ಮುಟ್ಟಿರಲಿಲ್ಲ ನೋಡು. ಜೋರಾಗಿ ಅತ್ತುಬಿಟ್ಟೆ. ಖುಷಿಗೆ ಅಳ್ತಿದ್ದಾಳೆ ಅಂತ ಎಲ್ಲಾ ಚಪ್ಪಾಳೆ ತಟ್ಟಿದ್ರು. ಗುರು ಒಬ್ಬರಿಗೇ ಗೊತ್ತಾಯ್ತು. ಬಂದವರೆಲ್ಲ ಊಟಕ್ಕೆ ಕೂತಾಗ ನನ್ನನ್ನ ಕಿಟಕಿ ಹತ್ತಿರ ಮಲಗಿಸ್ಕೊಂಡು ಒಂದೊಂದೇ ಕಿತ್ತರು. ಅವರು ಉಂಡಿದ್ದು ಸಾಯಂಕಾಲ."

ಯಾರೂ ಮಂಡಕ್ಕಿಗೆ ಕೈ ಹಾಕಲಿಲ್ಲ. ಪಮ್ಮಿ ಮೆಲ್ಲಗೆ ಕೇಳಿದಳು. "ಅದಕ್ಕೂ ಮುಂಚೆ ಎಷ್ಟು ವರ್ಷ ಇದ್ಲು ಅಕ್ಕ, ನಿಮ್ಮ ಬಾಡಿಗೆಯವಳು?"

"ಹತ್ತೊಂಬತ್ತು. ದೀಪ ಹಾಕ್ಕೊಳ್ಳದೆ, ಕೆಮ್ಮದೆ. ಒಂದೇ ಸಲ ಹೊರಗೆ ಬಂದಿದ್ಲು. ನಮ್ಮಕ್ಕನ ಮದುವೆ ದಿನ, ಎಲ್ಲರೂ ಛತ್ರಕ್ಕೆ ಹೋದಮೇಲೆ. ಟ್ರಂಕಿನಿಂದ ಅಕ್ಕನ ಹಳೇ ಲಂಗ ತೆಗೆದು ಉಟ್ಕೊಂಡೆ. ನುಸಿಗುಳಿಗೆ ವಾಸನೆ. ಮನೇಲಿದ್ದಿದ್ದು ಒಂದೇ ಕನ್ನಡಿ, ಅಪ್ಪ ಗಡ್ಡ ಕೆರ್ಕೊಳ್ಳೋಕೆ ಗೋಡೆಗೆ ಮೊಳೆ ಹೊಡೆದು ಹಾಕಿದ್ದು. ಅಂಗೈ ಅಗಲ. ಕುಣಿದೆ, ಸ್ಟೂಲ್ ಹತ್ತಿದೆ. ಮುಖ ಕಂಡ್ರೆ ಲಂಗ ಕಾಣಲ್ಲ, ಲಂಗ ಕಂಡ್ರೆ ಮುಖ ಕಾಣಲ್ಲ."

ಆಮೇಲೆ ತಾನೇ ನಕ್ಕಳು. "ಹೊರಗೆ ಬಂದಮೇಲೆ ಮನೆ ಹುಡುಕೋ ಸರದಿ ನನ್ನದಾಯ್ತು. ಗೇಟಿನ ಮೇಲೆ ಮನೆ ಬಾಡಿಗೆಗಿದೆ ಅಂತ ಬೋರ್ಡ್ ಇರುತ್ತೆ. ನಾನು ಬಾಯಿ ಬಿಟ್ಟ ತಕ್ಷಣ ಬೋರ್ಡು ಒಳಗೆ ಹೋಗುತ್ತೆ. ಹದಿನಾಲ್ಕನೇದು ಈ ಮನೆ. ಸಾವಿತ್ರಮ್ಮ ಕೇಳಿದ್ದು ಒಂದೇ, ನೀರು ಜಾಸ್ತಿ ಖರ್ಚು ಮಾಡ್ತೀಯಾ ಅಂತ."

ಅಷ್ಟು ಹೇಳಿದ್ದೇ ತಡ, ಬಾಗಿಲಲ್ಲಿ ಸಾವಿತ್ರಮ್ಮ. ಒಂದು ಕೈಯಲ್ಲಿ ದಂಟಿನ ಸೊಪ್ಪಿನ ಕಟ್ಟು, ಇನ್ನೊಂದರಲ್ಲಿ ನೀರಿನ ಬಿಲ್ಲು.

"ಸರಸಾ, ಈ ತಿಂಗಳು ನಿನ್ನ ಪಾಲು ಇಷ್ಟಾಗಿದೆ." ಬಿಲ್ಲು ಕೊಟ್ಟವರು ಹೋಗಲಿಲ್ಲ. ಸೊಪ್ಪಿನ ಕಟ್ಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ದನಿ ತಗ್ಗಿಸಿದರು. ಅವರಿಗೆ ದನಿ ತಗ್ಗಿಸಲು ಬರುತ್ತದೆ ಎಂದು ನಮಗೆ ಗೊತ್ತಾಗಿದ್ದೇ ಅವತ್ತು.

"ನಿನ್ನ ಹತ್ರ ಆ ಚಿಮಟ ಇದೆಯಲ್ಲೇ. ನಾಳೆ ಬೀಗರು ಬರ್ತಾರೆ. ಗದ್ದದ ಕೆಳಗೆ ಎರಡು ಕೂದಲು ಬಂದು ಕೂತಿವೆ ಹಾಳಾದ್ದು, ನನ್ನ ಕಣ್ಣಿಗೆ ಕಾಣಲ್ಲ, ಕೈಗೆ ಮಾತ್ರ ಚುಚ್ಚುತ್ತೆ."

ಸರಸಕ್ಕ ಎದ್ದು ಕಿಟಕಿ ಪಕ್ಕಕ್ಕೆ ಸ್ಟೂಲ್ ಎಳೆದಳು. ಪಮ್ಮಿ ಓಡಿಹೋಗಿ ಕನ್ನಡಕ ತಂದುಕೊಟ್ಟಳು. ಸಾವಿತ್ರಮ್ಮ ಮಂಡಿ ಅಗಲಿಸಿ ಕೂತು, ಕತ್ತು ಮೇಲೆತ್ತಿ ಕಣ್ಣು ಮುಚ್ಚಿಕೊಂಡರು.

"ಕೂದಲಿಗೆ ಇಷ್ಟು ಅಂತ ನೀರಿನ ಬಿಲ್ಲಿನಲ್ಲಿ ಮುರ್ಕೊಳ್ತೀನಿ ಸಾವಿತ್ರಮ್ಮ," ಎಂದಳು ಸರಸಕ್ಕ. "ಎರಡಲ್ಲ, ಮೂರಿದೆ."

"ಸರಿಯಾಗಿ ಎಣಿಸೇ. ಆಮೇಲೆ ಮೋಸ ಮಾಡಿದೆ ಅಂತೀನಿ."