ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹ ಬೆಳೆದ ಬಗೆ: ಒಂದು ಪ್ರಶ್ನೆ

ಪ್ರಶ್ನೆ (ಚಿತ್ರಶಾಲೆ):
ಮಾನ್ಯರೇ, ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಮಕ್ಕಳನ್ನು ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿರುವ ಎನ್‌ಜಿಎಂಎ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ) ಶಾಖೆಗೆ ಕರೆದೊಯ್ಯುವ ಮೊದಲು ಅದರ ಮೂಲ ಸಂಸ್ಥೆಯಾದ ದೆಹಲಿಯ ಗ್ಯಾಲರಿಯ ಇತಿಹಾಸವನ್ನು ಅವರಿಗೆ ಹೇಳಬೇಕೆಂದಿದ್ದೇನೆ. ರಾಷ್ಟ್ರದ ಹೆಸರು ಹೊತ್ತ ಸಂಗ್ರಹದಲ್ಲಿ ಚೋಳರ ಕಂಚಾಗಲಿ ಹೊಯ್ಸಳರ ಶಿಲ್ಪವಾಗಲಿ ಏಕಿಲ್ಲ, ಕೃತಿಗಳು ಅಲ್ಲಿಗೆ ಸೇರಿದ್ದು ಹೇಗೆ, ಬಂಗಾಳದ ಕಲಾವಿದರಿಗೆ ಹೋಲಿಸಿದರೆ ನಮ್ಮ ಕಡೆಯವರು ಅಷ್ಟಾಗಿ ಕಾಣದಿರಲು ಕಾರಣವೇನು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಹಳೆಯ ಓದುಗ):
ತಮ್ಮ ಮೊದಲ ಪ್ರಶ್ನೆಗೆ ಉತ್ತರ ಸರಳವಾಗಿದೆ. ಪ್ರಾಚೀನ ಮತ್ತು ಮಧ್ಯಕಾಲೀನ ಕಲೆಯ ಹೊಣೆ ದೆಹಲಿಯಲ್ಲೇ ಇರುವ ನ್ಯಾಷನಲ್ ಮ್ಯೂಸಿಯಂನದು. ಅದು 1949ರಲ್ಲಿ ರಾಷ್ಟ್ರಪತಿ ಭವನದಲ್ಲಿ ಆರಂಭವಾಗಿ ಆಮೇಲೆ ಜನಪಥದ ಸ್ವಂತ ಕಟ್ಟಡಕ್ಕೆ ಹೋಯಿತು. ಆಧುನಿಕ ಕಲಾ ಗ್ಯಾಲರಿಯ ವ್ಯಾಪ್ತಿ ಸುಮಾರು 1850ರಿಂದ ಈಚಿನದು. ಅದಕ್ಕಿಂತ ಹಿಂದಿನ ಕೆಲವು ಕೃತಿಗಳೂ ಅಲ್ಲಿವೆ. ಹದಿನೆಂಟನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಟಿಲ್ಲಿ ಕೆಟಲ್‌ನಂತಹ ಯುರೋಪಿಯನ್ ಚಿತ್ರಕಾರರ ತೈಲಚಿತ್ರಗಳು ಮತ್ತು ಈಸ್ಟ್ ಇಂಡಿಯಾ ಕಂಪನಿಯವರಿಗಾಗಿ ಭಾರತೀಯ ಚಿತ್ರಕಾರರು ಬರೆದ ಕಂಪನಿ ಶೈಲಿಯ ಚಿತ್ರಗಳು ಆಧುನಿಕತೆಯ ಪೀಠಿಕೆಯೆಂಬಂತೆ ಅಲ್ಲಿ ಸ್ಥಾನ ಪಡೆದಿವೆ.

ಗ್ಯಾಲರಿಯನ್ನು 1954ರ ಮಾರ್ಚ್ 29ರಂದು ಆಗಿನ ಉಪರಾಷ್ಟ್ರಪತಿ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ನೆಹರೂ ಅವರ ಸಮ್ಮುಖದಲ್ಲಿ ಉದ್ಘಾಟಿಸಿದರು. ಅದು ನೆಲೆಸಿರುವ ಇಂಡಿಯಾ ಗೇಟ್ ಬಳಿಯ ಜೈಪುರ ಹೌಸ್, 1936ರಲ್ಲಿ ಜೈಪುರದ ಮಹಾರಾಜರ ದೆಹಲಿ ನಿವಾಸಕ್ಕಾಗಿ ಕಟ್ಟಿದ ಅರಮನೆ. ಮೊದಲ ಮುಖ್ಯಸ್ಥರಾಗಿ ಬಂದವರು ಬರೋಡಾದ ವಸ್ತುಸಂಗ್ರಹಾಲಯವನ್ನು ನಡೆಸಿದ್ದ ಜರ್ಮನ್ ಕಲಾ ಇತಿಹಾಸಕಾರ ಹರ್ಮನ್ ಗೋಟ್ಸ್. ಚಿತ್ರಗಳಿಂದಲ್ಲ, ಶಿಲ್ಪಗಳ ಪ್ರದರ್ಶನದಿಂದ ಗ್ಯಾಲರಿ ಬಾಗಿಲು ತೆರೆಯಿತೆಂಬುದನ್ನು ಮಕ್ಕಳಿಗೆ ಹೇಳಿ. ದೇವಿಪ್ರಸಾದ್ ರಾಯ್ ಚೌಧರಿ, ರಾಮ್‌ಕಿಂಕರ್ ಬೈಜ್ ಮೊದಲಾದವರ ಕೃತಿಗಳು ಅದರಲ್ಲಿದ್ದವು.

ಮುಂಬಯಿ ಶಾಖೆ 1996ರಲ್ಲಿ ಸರ್ ಕಾವಸ್ಜಿ ಜಹಾಂಗೀರ್ ಹಾಲ್‌ನಲ್ಲಿ ತೆರೆಯಿತು. ದೆಹಲಿಯ ಹೊಸ ಕಟ್ಟಡ ಮತ್ತು ತಾವು ನೋಡಲಿರುವ ಬೆಂಗಳೂರು ಶಾಖೆ, ಎರಡೂ 2009ರವು.

ಉತ್ತರ 2 (ಕುಂಚಪ್ರಿಯ):
ಕೃತಿಗಳು ಸೇರಿದ ಬಗೆಯನ್ನು ಅರಿಯಲು ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಮತ್ತು ಬಂಗಾಳದ ಚಿತ್ರಕಲಾವಿದ ನಂದಲಾಲ್ ಬೋಸ್ ಅವರ ಕೃತಿಗಳ ಸಂಗ್ರಹಗಳನ್ನು ನೋಡಿದರೆ ಸಾಕು. ಅಮೃತಾ 1941ರಲ್ಲಿ ಲಾಹೋರಿನಲ್ಲಿ ತೀರಿಕೊಂಡಾಗ ಅವರಿಗೆ ಕೇವಲ ಇಪ್ಪತ್ತೆಂಟು ವರ್ಷ. ಪತಿ ವಿಕ್ಟರ್ ಈಗನ್ ಮತ್ತು ತಂದೆ ಉಮರಾವ್ ಸಿಂಗ್ ಅವರ ಬಳಿ ಉಳಿದಿದ್ದ ಚಿತ್ರಗಳು ಸರ್ಕಾರದ ವಶಕ್ಕೆ ಬಂದುದರಿಂದಲೇ ಗ್ಯಾಲರಿಗೆ ಗಟ್ಟಿಯಾದ ಬುನಾದಿ ಸಿಕ್ಕಿತು. ಇಂದು ಅವರ ನೂರಕ್ಕೂ ಹೆಚ್ಚು ಕೃತಿಗಳು ಅಲ್ಲಿವೆ. ಪ್ಯಾರಿಸ್ಸಿನ ದಿನಗಳ ‘ಯಂಗ್ ಗರ್ಲ್ಸ್’ ಚಿತ್ರವನ್ನೂ, ಅಜಂತಾ ಮತ್ತು ದಕ್ಷಿಣದ ಪ್ರವಾಸದ ಬಳಿಕ 1937ರಲ್ಲಿ ಬರೆದ ‘ಬ್ರಹ್ಮಚಾರೀಸ್’ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಐದೇ ವರ್ಷಗಳಲ್ಲಿ ಆ ಕೈ ಎಷ್ಟು ಬದಲಾಯಿತೆಂಬುದು ತಿಳಿಯುತ್ತದೆ. ಒಬ್ಬ ಕಲಾವಿದೆಯ ಕೃತಿಗಳು ಚದುರಿಹೋಗದೆ ಒಂದೇ ಕಡೆ ಉಳಿದುದರ ಲಾಭ ಇದು.

ನಂದಲಾಲರ ವಿಷಯದಲ್ಲಿ ಸಂಖ್ಯೆಯೇ ಬೇರೆ: ರೇಖಾಚಿತ್ರ, ಕರಡುಗಳೆಲ್ಲ ಸೇರಿ ಆರು ಸಾವಿರಕ್ಕೂ ಮಿಕ್ಕಿ. ಅವುಗಳಲ್ಲಿ 1938ರ ಹರಿಪುರಾ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯ ಕೋರಿಕೆಯಂತೆ ಬರೆದ ಫಲಕಗಳೂ ಇವೆ. ಚರ್ಮಕಾರ, ಬಡಗಿ, ಡೋಲು ಬಡಿಯುವವ, ಕುಸ್ತಿಪಟು ಹೀಗೆ ಹಳ್ಳಿಯ ದುಡಿಮೆಯ ಜನರನ್ನು ಕೈಕಾಗದದ ಮೇಲೆ ದಪ್ಪ ರೇಖೆಗಳಲ್ಲಿ, ಮಣ್ಣಿನ ಬಣ್ಣಗಳಲ್ಲಿ ಮೂಡಿಸಿದ್ದಾರೆ. ಅಧಿವೇಶನಕ್ಕೆ ಬಂದ ರೈತರು ನಡೆದುಹೋಗುತ್ತಲೇ ನೋಡಲೆಂದು ಬರೆದ ಚಿತ್ರಗಳಿವು. ಮಕ್ಕಳಿಗೆ ಒಂದನ್ನು ಮಾತ್ರ ವಿವರವಾಗಿ ತೋರಿಸಬಹುದಾದರೆ ನಾನು ಇವನ್ನೇ ಆರಿಸುತ್ತೇನೆ.

ಉತ್ತರ 3 (ಕಾವಾ ಹಳೆಯ ವಿದ್ಯಾರ್ಥಿ):
ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಂಗಾಳದ ಕಡೆಗಿನ ವಾಲಿಕೆ ನಿಜವೇ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಡಿ ಒಂಬತ್ತು ಮಂದಿ ಆಧುನಿಕರ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿಯೆಂದು ಘೋಷಿಸಲಾಗಿದ್ದು, ಅವುಗಳನ್ನು ದೇಶದ ಹೊರಗೆ ಮಾರಿ ಸಾಗಿಸುವಂತಿಲ್ಲ. ಆ ಒಂಬತ್ತರಲ್ಲಿ ಠಾಗೋರ್ ಮನೆತನದ ರವೀಂದ್ರನಾಥ, ಅವನೀಂದ್ರನಾಥ, ಗಗನೇಂದ್ರನಾಥ, ಹಾಗೆಯೇ ನಂದಲಾಲ್, ಜಾಮಿನಿ ರಾಯ್, ಶೈಲಜ್ ಮುಖರ್ಜಿ ಈ ಆರು ಮಂದಿ ಬಂಗಾಳದ ನಂಟಿನವರು. ಉಳಿದವರು ರವಿವರ್ಮ, ಅಮೃತಾ ಮತ್ತು ರಷ್ಯಾದಿಂದ ಬಂದ ನಿಕೋಲಸ್ ರೋರಿಕ್. ದಕ್ಷಿಣದ ಪಾಲಿಗೆ ರವಿವರ್ಮ ಒಬ್ಬರೇ.

ಆದರೆ ಇದನ್ನು ಬರಿಯ ಪಕ್ಷಪಾತವೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಅವನೀಂದ್ರನಾಥರ ಬಳಿ ನಂದಲಾಲರೊಂದಿಗೇ ಕಲಿತ ನಮ್ಮ ಕೆ. ವೆಂಕಟಪ್ಪನವರು ಮೈಸೂರಿಗೆ ಮರಳಿದರು. ಅವರ ಊಟಿಯ ಜಲವರ್ಣ ಚಿತ್ರಗಳು ಇಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿವೆ. ಅರಮನೆಯ ಆಶ್ರಯದಲ್ಲಿ ಸೇರಿದ ರವಿವರ್ಮನ ಚಿತ್ರಗಳು ಜಗನ್ಮೋಹನ ಅರಮನೆಯಲ್ಲೇ ಉಳಿದವು. ಸಂಸ್ಥಾನಕ್ಕೆ ತನ್ನದೇ ಸಂಗ್ರಹವಿದ್ದುದರಿಂದ ಅವು ದೆಹಲಿಗೆ ಹೋಗಬೇಕಾದ ಪ್ರಮೇಯವೇ ಬರಲಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಹೋಗಿ ಹೆಸರಾದ ಕೆ.ಕೆ. ಹೆಬ್ಬಾರರ ಕೃತಿಗಳಾದರೋ ದೆಹಲಿಯ ಸಂಗ್ರಹದಲ್ಲಿವೆ. ಹೀಗಾಗಿ ಮಾಣಿಕ್ಯವೇಲು ಮ್ಯಾನ್ಶನ್ ನೋಡಿದ ದಿನವೇ ವೆಂಕಟಪ್ಪ ಚಿತ್ರಶಾಲೆಯನ್ನೂ ಮಕ್ಕಳಿಗೆ ತೋರಿಸುವುದು ಒಳಿತು.

ಚಿತ್ರಶಾಲೆ:
ಎಲ್ಲರಿಗೂ ಧನ್ಯವಾದಗಳು. ಹರಿಪುರಾ ಫಲಕಗಳನ್ನು ದೆಹಲಿಗೆ ಹೋದರೆ ಯಾವಾಗ ಬೇಕಾದರೂ ನೋಡಬಹುದೇ?

ಕುಂಚಪ್ರಿಯ:
ಹಾಗೆಂದು ನಂಬಿ ಹೊರಡಬೇಡಿ, ಮೇಡಂ. ಕಾಗದದ ಮೇಲಿನ ಬಣ್ಣ ಬೆಳಕಿಗೆ ಮಾಸುವುದರಿಂದ ಇಂತಹ ಕೃತಿಗಳನ್ನು ಮಂದ ಬೆಳಕಿನಲ್ಲಿ, ಸೀಮಿತ ಅವಧಿಗಷ್ಟೇ ಪ್ರದರ್ಶಿಸಿ ಮತ್ತೆ ಉಗ್ರಾಣಕ್ಕೆ ಸೇರಿಸುವುದು ಎಲ್ಲ ಸಂಗ್ರಹಾಲಯಗಳ ಪದ್ಧತಿ. ಹದಿನಾಲ್ಕು ಸಾವಿರಕ್ಕೂ ಮೀರಿದ ಸಂಗ್ರಹದಲ್ಲಿ ಒಂದು ಹೊತ್ತಿಗೆ ಗೋಡೆಯ ಮೇಲಿರುವುದು ಸಣ್ಣ ಭಾಗ ಮಾತ್ರ. ಈ ಫಲಕಗಳು ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ, 2019ರಲ್ಲಿ ಭಾರತದ ಮಂಟಪದಲ್ಲೂ ಪ್ರದರ್ಶನಗೊಂಡಿದ್ದವು. ಹೊರಡುವ ಮೊದಲು ಗ್ಯಾಲರಿಯ ಕಚೇರಿಗೆ ಪತ್ರ ಬರೆದು ಆಗ ಏನು ಪ್ರದರ್ಶನದಲ್ಲಿದೆ ಎಂದು ವಿಚಾರಿಸಿಕೊಳ್ಳಿ. ಬೆಂಗಳೂರು ಶಾಖೆಗೂ ಇದೇ ಮಾತು ಅನ್ವಯಿಸುತ್ತದೆ.